ಕಣಿವೆಯಲ್ಲಿ ಚೆಲ್ಲದೆ ಉಳಿದ ಚರಗ

ಎರಡು ಡೇರೆ, ಒಂದು ಹೊರೆ ಸೌದೆ, ಎರಡು ಕೊಡ ನೀರು, ಒಂದು ರಾತ್ರಿ. ಇಷ್ಟಕ್ಕೆ ನಾನು ಕೊಟ್ಟದ್ದು ನಾಲ್ಕೂವರೆ ಸಾವಿರ. ಕ್ಯಾಂಪಿನವರು ಕೇಳಿದ್ದು ಆರೂವರೆ. ಊಟ ನಾವೇ ತರುತ್ತೇವೆ ಎಂದು ಒಂದು ಸಾವಿರ ಇಳಿಸಿದೆ. ವಾರದ ನಡುವೆ ಬರುತ್ತೇವೆ, ಆ ದಿನ ನಿಮ್ಮ ಡೇರೆಯಲ್ಲಿ ಹಲ್ಲಿ ಕೂಡ ಮಲಗಿರುವುದಿಲ್ಲ ಎಂದು ಇನ್ನೊಂದು ಸಾವಿರ ಇಳಿಸಿದೆ. ಇದರ ಮೇಲೆ ಐದುನೂರು ಠೇವಣಿ. ಜಾಗ ಹೊಲಸು ಮಾಡದೆ ಬಿಟ್ಟುಹೋದರೆ ಅದನ್ನು ಹೊಳ್ಳಿ ಕೊಡುವುದು. ಇಂಥ ಕಡೆ ಮೊದಲು ಹೇಳಿದ ದರಕ್ಕೆ ಯಾರೂ ಹೂಂ ಅನ್ನಬಾರದು. ಆದರೆ ಸೌದೆ, ನೀರಿನಲ್ಲಿ ಚೌಕಾಸಿ ಬೇಡ. ಅವು ಕಡಿಮೆ ಬಿದ್ದರೆ ಕಣಿವೆಯಲ್ಲಿ ಅಂಗಡಿ ಇರುವುದಿಲ್ಲ.

ಕೊಟ್ಟದ್ದು ಯಾಕೆ ಎಂಬುದನ್ನೂ ಹೇಳಿಬಿಡುತ್ತೇನೆ. ಮೂಡಲಗಿಯಲ್ಲಿ ನನ್ನ ಸ್ವಂತ ಮನೆ ಇದೆ, ಕೆಳಗೆ ಕಾಳಿನ ಅಡತಿ ಅಂಗಡಿ, ಮೇಲೆ ವಾಸ. ಹುಕ್ಕೇರಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅಣ್ಣನ ಮನೆ ಇದೆ. ಸಂಕೇಶ್ವರದಲ್ಲಿ ಅಕ್ಕನ ಮನೆ ಇದೆ. ಮೂರು ಮನೆಗಳಿದ್ದೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಾವು ಮೂವರು ಕೂಡಿ ಒಂದು ಊಟ ಮಾಡಲು ಬಾಡಿಗೆಯ ಬಟ್ಟೆಯ ಡೇರೆ ಹುಡುಕಿಕೊಂಡು ಕಾಡಿಗೆ ಹೋಗಬೇಕಾಯಿತು.

ನಮ್ಮಲ್ಲಿ ಅಣ್ಣತಮ್ಮಂದಿರ ಹಿಸೆ ಆಗುವಾಗ ಒಂದು ಪದ್ಧತಿ ಇದೆ. ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಪಾಲು ಮಾಡುವವನು ಮೋಸ ಮಾಡದಿರಲಿ ಎಂದು ಹಿಂದಿನವರು ಮಾಡಿದ ವ್ಯವಸ್ಥೆ ಇದು. ಅಣ್ಣ ಎರಡು ಪಾಲು ಮಾಡಿದ. ಒಂದರಲ್ಲಿ ಕಾಲುವೆಯ ಕೆಳಗಿನ ಎರೆ ಹೊಲ, ಕಬ್ಬು ಬೆಳೆಯುವ ನೆಲ. ಇನ್ನೊಂದರಲ್ಲಿ ಊರ ಮೇಲಿನ ಕಲ್ಲುನೆಲದ ಮಡ್ಡಿ ಹೊಲ, ಅದರ ಬದುವಿನ ಮೇಲೆ ನಮ್ಮ ಬನ್ನಿ ಗಿಡ. ಪ್ರತಿ ಶೀಗಿ ಹುಣ್ಣಿಮೆಗೆ ಆ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ಮಾಡಿ ತಂದ ಅಡಿಗೆಯನ್ನೆಲ್ಲ ಕಲಸಿ ಬೆಳೆಯ ನಡುವೆ ಕೂಗುತ್ತ ಚೆಲ್ಲಿಕೊಂಡು ಹೋಗುತ್ತೇವೆ. ಅದೇ ಚರಗ. ತೆನೆ ತುಂಬಿದ ಭೂಮಿ ಬಸುರಿ ಇದ್ದಂತೆ, ಅವಳಿಗೆ ಬಯಕೆಯ ಊಟ. ಅಪ್ಪ ಇರುವ ತನಕ ಅಪ್ಪ ಚೆಲ್ಲಿದ. ಆಮೇಲೆ ಮನೆಗೆ ಹಿರಿಯನಾದ ಅಣ್ಣ ಚೆಲ್ಲಿದ.

ತಮ್ಮ ವ್ಯಾಪಾರಸ್ಥ, ನೀರಾವರಿ ಹೊಲಕ್ಕೇ ಕೈ ಹಾಕುತ್ತಾನೆ, ಗಿಡ ತನಗೆ ಉಳಿಯುತ್ತದೆ ಎಂದು ಅಣ್ಣ ಎಣಿಸಿದ್ದ. ನಾನು ಮಡ್ಡಿ ಹೊಲ ಹಿಡಿದೆ. ಅದರ ಬಾಜೂಕ್ಕೆ ದೊಡ್ಡ ರಸ್ತೆ ಬರುವ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು. ಅದರಲ್ಲಿ ತಪ್ಪೇನಿದೆ? ಪಾಲು ಮಾಡಿದವನು ಅವನು, ಆರಿಸಿದವನು ನಾನು. ಗಿಡ ಬೇಕಿದ್ದರೆ ಬಾಯಿ ಬಿಟ್ಟು ಕೇಳಬೇಕಿತ್ತು. ಅವನು ಕೇಳಲಿಲ್ಲ. ಎದ್ದು ನಿಂತು, ಕೂತ ಹಿರಿಯರ ಎದುರಿಗೆ, "ಇನ್ನ ಮ್ಯಾಲ ನಿನ್ನ ಮನಿ ಹೊಸ್ತಲಾ ತುಳದ್ರ ನನ್ನ ಕಾಲ ಮುರೀಲಿ, ನಿನ್ನ ನೀರ ಕುಡದ್ರ ನಾಲಿಗಿ ಸೇದಿ ಹೋಗ್ಲಿ" ಎಂದ. ನಾನೂ ಬಿಡಲಿಲ್ಲ, ಅದೇ ಆಣೆಯನ್ನು ಅಷ್ಟೇ ದೊಡ್ಡದಾಗಿ ಹೇಳಿದೆ. ಈ ಮಾತುಕತೆ ನಡೆದದ್ದು ಸಂಕೇಶ್ವರದಲ್ಲಿ, ಅಕ್ಕನ ಮನೆಯ ಪಡಸಾಲೆಯಲ್ಲಿ. ಹಾಗಾಗಿ ಅಣ್ಣ ಅಕ್ಕನ ಹೊಸ್ತಿಲನ್ನೂ ಅವತ್ತೇ ಬಿಟ್ಟ. ಆಡಿದ ಮಾತನ್ನು ನಮ್ಮ ಮನೆತನದಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇದನ್ನು ಊರವರು ಹೊಗಳುತ್ತಾರೆ. ಹೊಗಳುವವರಿಗೆ ಖರ್ಚಿಲ್ಲ.

ವರ್ಷಗಳು ಹಾಗೆಯೇ ಹೋದವು. ಹೋದ ವರ್ಷ ಅಕ್ಕನ ಮಗಳಿಗೆ ಗಂಡು ಗೊತ್ತಾಯಿತು. ತುಳಸಿ ಲಗ್ನದ ನಂತರ ಮದುವೆ, ಸಂಕೇಶ್ವರದ ಒಂದು ಮಂಗಲ ಕಾರ್ಯಾಲಯದಲ್ಲಿ. ನಮ್ಮ ಕಡೆ ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವಾಗ ಹೆಣ್ಣಿನ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ಇಬ್ಬರಿದ್ದರೆ ಇಬ್ಬರೂ. ಬೀಗರ ಕಡೆಯ ಹೆಂಗಸರು ಮೊದಲು ನೋಡುವುದೇ ಅದನ್ನು. ತವರು ಗಟ್ಟಿ ಇದೆಯೋ ಇಲ್ಲವೋ ಎಂದು ಅಲ್ಲಿಯೇ ಅಳೆದುಬಿಡುತ್ತಾರೆ. ಅಕ್ಕನಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಮಗಳ ಹಿಂದೆ ಎಡಕ್ಕೊಬ್ಬ, ಬಲಕ್ಕೊಬ್ಬ ನಾವಿಬ್ಬರೂ ನಿಲ್ಲಬೇಕು, ಅಷ್ಟೇ.

ಅಣ್ಣನನ್ನು ಯಾವುದಾದರೂ ಖಾನಾವಳಿಗೆ ಕರೆದು ಮಾತಾಡೋಣ ಎಂದೆ ನಾನು. ಅಕ್ಕ ಫೋನಿನಲ್ಲಿಯೇ ಸಿಡಿದಳು. "ಖಾನಾವಳ್ಯಾಗ ಕುಂತ ಅಳಾಕ ಬರತೈತೇನೋ? ಬಾಜೂಕ ಕುಂತಾಂವ ಇನ್ನೊಂದ ರೊಟ್ಟಿ ತಾ ಅಂತಿರ್ತಾನ."

"ಮಠಕ್ಕ ಹೋಗೂಣಲ್ಲ?"

"ಸ್ವಾಮಿಗೋಳ ಮುಂದ ಕುಂತ್ರ ಅದ ಪಂಚಾಯ್ತಿ ಆಕ್ಕೈತಿ. ನನಗ ಪಂಚಾಯ್ತಿ ಬ್ಯಾಡ. ನಾ ಮಾಡಿದ್ದ ಇಬ್ರೂ ಉಣ್ಣಬೇಕು. ಸಂಜಿಂದ ಮುಂಜಾನಿ ತನಕಾ ಒಂದ ಕಡೆ ಇರಬೇಕು. ಎದ್ದ ಹೋಗಾಕ ಬಸ್ಸ ಇರಬಾರ್ದು."

ದಾರಿ ಹೇಳಿದವಳು ಮದುವೆಯ ಹುಡುಗಿಯೇ. ನಿಡಸೋಸಿಯಲ್ಲಿ ಕಾಲೇಜು ಓದುವಾಗ ಗೆಳತಿಯರ ಕೂಡ ಗೋಕಾಕದ ಆಚೆ ಕಣಿವೆಯಲ್ಲಿ ಡೇರೆ ಹಾಕಿ ಒಂದು ರಾತ್ರಿ ಇದ್ದು ಬಂದಿದ್ದಳು. "ಮಾವಾ, ಟೆಂಟಿಗೆ ಹೊಸ್ತಲಾ ಇರೂದಿಲ್ಲ. ಬಾಗಲಾನೂ ಇಲ್ಲ, ಜಿಪ್ ಅಷ್ಟ ಐತಿ. ದೊಡ್ಡಮಾವನ ಕಾಲ ಮುರಿಯೂದಿಲ್ಲ ಅಂತ ಹೇಳ್ರಿ" ಎಂದು ನಕ್ಕಳು. ಆ ಮಾತನ್ನು ಅಕ್ಕ ಹಾಗೆಯೇ ಅಣ್ಣನಿಗೆ ಮುಟ್ಟಿಸಿದಳು. ಅಣ್ಣ, "ಕಾಡ ಯಾರಪ್ಪಂದೂ ಅಲ್ಲ. ಬರ್ತೇನಿ" ಅಂದನಂತೆ. ಹೆಂಡಂದಿರನ್ನು ಕರೆಯಬಾರದು ಎಂದು ಅಕ್ಕನೇ ತೀರ್ಮಾನಿಸಿದಳು. ಮೂರು ಮಂದಿಯ ಜಗಳ ಐದು ಮಂದಿಯದಾಗುವುದು ಬೇಡವಾಗಿತ್ತು ಅವಳಿಗೆ.

ಶೀಗಿ ಹುಣ್ಣಿಮೆ ಕಳೆದ ವಾರದಲ್ಲಿ ಹೊರಟೆವು. ನಾನು ಮೂಡಲಗಿಯಿಂದ ಕಾರು ತೆಗೆದುಕೊಂಡು ಸಂಕೇಶ್ವರಕ್ಕೆ ಹೋಗಿ ಅಕ್ಕನನ್ನೂ ಅವಳ ದೊಡ್ಡ ಬಿದಿರಿನ ಬುಟ್ಟಿಯನ್ನೂ ಹೇರಿಕೊಂಡು ಗೋಕಾಕಕ್ಕೆ ಬಂದೆ. ಅಣ್ಣ ಹುಕ್ಕೇರಿಯಿಂದ ಬಸ್ಸಿನಲ್ಲಿ ಬಂದು ನಿಲ್ದಾಣದ ಹೊರಗೆ ನಿಂತಿದ್ದ. ಇಸ್ತ್ರಿ ಮಾಡಿದ ಧೋತರ, ಹೆಗಲಿಗೆ ಹೊದೆಯುವ ಕೌದಿಯ ಗಂಟು, ಕೈಯಲ್ಲಿ ಐದು ಲೀಟರಿನ ಎಣ್ಣೆ ಡಬ್ಬಿಯ ತುಂಬ ನೀರು. ತನ್ನ ಬಾವಿಯ ನೀರು.

"ಅಣ್ಣಾ, ಕಾರಿಗೂ ಹೊಸ್ತಲಾ ಇಲ್ಲ, ಹತ್ತು" ಎಂದಳು ಅಕ್ಕ.

"ಬಾಗಲಾ ಐತೆಲ್ಲ" ಎಂದ ಅಣ್ಣ. ನನ್ನ ಕಡೆ ನೋಡಲಿಲ್ಲ. ಅಲ್ಲೇ ನಿಂತ ಒಂದು ಟಂಟಂ ಆಟೋ ಹತ್ತಿ ಕೂತ. ಮುಂದೆ ಅವನ ಟಂಟಂ, ಅದರ ಧೂಳು ತಿನ್ನುತ್ತ ಹಿಂದೆ ನನ್ನ ಕಾರು. ಹೀಗೆ ಹೋದೆವು ಕೂಡಿ ಇರಲು.

ಮಾರ್ಕಂಡೇಯ ಹೊಳೆ ಗುಡ್ಡವನ್ನು ಸೀಳಿಕೊಂಡು ಇಳಿಯುವ ಆ ಕಣಿವೆ ನಾನು ನೆನೆಸಿದ್ದಕ್ಕಿಂತ ಆಳವಿತ್ತು. ಎರಡೂ ಕಡೆ ಕೆಂಪು ಬಂಡೆಯ ಗೋಡೆ, ನಡುವೆ ಮತ್ತಿ, ಕಮರ, ಸೀತಾಫಲದ ಗಿಡಗಳು ಒಂದರೊಳಗೊಂದು ಹೆಣೆದು ನಿಂತಿದ್ದವು. ಮಳೆಗಾಲ ಮುಗಿದದ್ದೇ ಆಗಿದ್ದರಿಂದ ಕೆಳಗೆ ನೀರು ಧುಮುಕುವ ಸಪ್ಪಳ ಒಂದೇ ಸಮನೆ ಕೇಳುತ್ತಿತ್ತು. ಅರಣ್ಯಕ್ಕೆ ಹೊಂದಿದ ತನ್ನ ಸ್ವಂತ ಹೊಲದ ಅಂಚಿನಲ್ಲಿ ಆರೇಳು ಡೇರೆಯ ಜಾಗ ಸಮ ಮಾಡಿ ಇಟ್ಟುಕೊಂಡವನು ಒಬ್ಬ ನಡುವಯಸ್ಸಿನ ಮನುಷ್ಯ. ತಲೆಗೆ ಟೊಪ್ಪಿಗೆ, ಸೊಂಟಕ್ಕೆ ಮಂಗ ಓಡಿಸುವ ಕವಣೆ. ಕರೆಂಟು ಇಲ್ಲ. ತಗಡು ಬಡಿದ ಒಂದು ಪಾಯಖಾನೆ. ಮೂರು ಕಲ್ಲಿನ ಒಲೆ. ಫೋನು ಹತ್ತುವುದಿಲ್ಲ. ಅಕ್ಕನಿಗೆ ಬೇಕಾದಂತೆಯೇ ಇತ್ತು.

ಅಣ್ಣ ಡೇರೆಯ ಸುತ್ತ ಒಂದು ಸುತ್ತು ಹಾಕಿ, ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಅಕ್ಕನಿಗೆ ಹೇಳಿದ: "ಕೇಳವ್ವಾ ನಿನ್ನ ತಮ್ಮನ್ನ. ಇದಕ್ಕ ರೊಕ್ಕ ಕೊಟ್ಟಾನೇನು? ಕಬ್ಬ ಕಡ್ಯಾಕ ಬಂದಾವ್ರು ಇದಕ್ಕಿಂತ ಚಲೋ ಗುಡಸಲದಾಗ ಪುಗಸಟ್ಟೆ ಇರ್ತಾರ."

"ಎರಡ ಸಾವಿರ ಇಳಿಸೇನಿ" ಎಂದೆ ನಾನೂ ಅಕ್ಕನಿಗೇ.

"ಇಳಿಸ್ತಾನ, ಇಳಿಸ್ತಾನ. ನಾಳೆ ಹೆಣಾ ಹೊರಾವ್ರ ಕೂಡಾನೂ ಇಳಿಸ್ತಾನ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಎಷ್ಟೋ ವರ್ಷಗಳ ಮೇಲೆ ಅವನ ಬಾಯಿಂದ ನನ್ನ ಬಗ್ಗೆ ಒಂದು ಚೇಷ್ಟೆ ಕೇಳಿದ್ದೆ.

ನಮಗೆ ಕೊಟ್ಟ ಜಾಗ ಹೊಳೆಯ ಕಡೆಗೆ ಸ್ವಲ್ಪ ಇಳುಕಲು. ಮೋಡ ಕಂಡಿದ್ದರಿಂದ ಅಣ್ಣ ಸುಮ್ಮನೆ ಕೂರಲಿಲ್ಲ. ಕ್ಯಾಂಪಿನವನ ಹತ್ತಿರ ಸಲಿಕೆ ಇಸಿದುಕೊಂಡು ಡೇರೆಯ ಮೇಲ್ಗಡೆ ಅರ್ಧ ಚಂದ್ರದಂತೆ ಒಂದು ಸಣ್ಣ ಕಾಲುವೆ ತೆಗೆದ, ನೀರು ಬಂದರೆ ಬಳಸಿ ಹೋಗಲಿ ಎಂದು. ನಾನು ನಾಲ್ಕು ಮೂಲೆಯ ಹಗ್ಗ ಬಿಗಿಯಲು ಹೋದೆ. ಎರಡು ಸಲ ಕಟ್ಟಿದರೂ ಗೂಟದಿಂದ ಜಾರಿತು. ಅಣ್ಣ ಬಂದು ನನ್ನ ಕೈಯಿಂದ ಹಗ್ಗ ತೆಗೆದುಕೊಂಡ.

"ಕಾಳ ತೂಗಿ ತೂಗಿ ಗಂಟ ಹಾಕೂದ ಮರತೀಯೇನು? ಎತ್ತಿನ ಗ್ವಾದಲ್ಯಾಗ ನಿನ್ನ ಕಟ್ಟಿ ಹಾಕಿ ಕಲಿಸಿದ್ದೆ ಇದನ್ನ."

ಅದು ನೇರವಾಗಿ ನನಗೇ ಆಡಿದ ಮಾತು. ನಾನು ಗೂಟ ಹಿಡಿದೆ, ಅವನು ಗಂಟು ಹಾಕಿದ. ಮುಂದಿನ ಮೂಲೆಗೂ ಹಾಗೆಯೇ. ಒಲೆಯ ಹತ್ತಿರ ಕೂತ ಅಕ್ಕ ಕೆಲಸ ಬಿಟ್ಟು ನಮ್ಮನ್ನೇ ನೋಡುತ್ತಿದ್ದಳು. ಮೂರನೆಯ ಗೂಟದ ಹತ್ತಿರ ಅಣ್ಣ, ಹಗ್ಗದ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದ, "ಈ ಸಲ ಗಿಡದ ಬುಡಕ ಯಾರ ಪೂಜಾ ಮಾಡಿದ್ರು?"

"ಹೊಲಾ ಗುತ್ತಿಗಿ ಹಿಡದ ಲಾವಣಿದಾಂವ ಮಾಡ್ಯಾನ. ಊರ ಕಡೆ ಬರಾಕ ನನಗ ಆಗ್ಲಿಲ್ಲ, ಪ್ಯಾಟ್ಯಾಗ ಗೋವಿನಜೋಳ ಬರೂ ಹೊತ್ತು."

"ಹೂಂ" ಎಂದ. ಆಮೇಲೆ ಮೆಲ್ಲಗೆ, "ಕಲ್ಲಿಗಿ ಸುಣ್ಣ ಹಚ್ಚಿದ್ದಿಲ್ಲ. ನಾ ರಸ್ತೆದಾಗ ನಿಂತ ನೋಡ್ಕೊಂಡ ಬಂದೆ" ಎಂದ.

ನಾನು ಗೂಟವನ್ನು ಕಲ್ಲಿನಿಂದ ಇನ್ನೆರಡು ಏಟು ಬಡಿದೆ.

ಹೊತ್ತು ಮುಳುಗುವ ಮುಂಚೆ ಅಕ್ಕ ಊಟಕ್ಕೆ ಕರೆದಳು. ಬುಟ್ಟಿಯ ಮೇಲಿನ ಬಟ್ಟೆ ತೆಗೆದಾಗ ನಮ್ಮಿಬ್ಬರಿಗೂ ಗೊತ್ತಾಯಿತು, ಅವಳು ಸಾದಾ ಬುತ್ತಿ ತಂದಿರಲಿಲ್ಲ. ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಕರಿಂಡಿ, ಮೊಸರು ಕಲಸಿದ ಬುತ್ತಿ ಅನ್ನ. ಅವ್ವ ಹುಣ್ಣಿಮೆಗೆ ಮಾಡುತ್ತಿದ್ದ ಅಡಿಗೆ, ಒಂದೂ ಬಿಟ್ಟಿರಲಿಲ್ಲ. ಹೊಳೆಯ ದಂಡೆಯಿಂದ ಐದು ಕಲ್ಲು ಆಯ್ದು ತಂದು ಒಂದು ಮತ್ತಿ ಗಿಡದ ಬುಡದಲ್ಲಿ ಸಾಲಾಗಿ ಇಟ್ಟಿದ್ದಳು. ಒಂದು ಪರಾತದಲ್ಲಿ ಎಲ್ಲ ಅಡಿಗೆಯನ್ನೂ ಸ್ವಲ್ಪ ಸ್ವಲ್ಪ ಹಾಕಿ ಕಲಸಿದ್ದಳು.

"ಅಣ್ಣಾ" ಎಂದಳು. "ಇದ ಅವನ ಹೊಲಾ ಅಲ್ಲ, ನಿನ್ನ ಹೊಲಾ ಅಲ್ಲ. ಹಿರ್ಯಾ ನೀನ. ಚರಗಾ ಚೆಲ್ಲು. ಆಮ್ಯಾಲ ಮೂರೂ ಮಂದಿ ಒಂದ ತಾಟನ್ಯಾಗ ಉಣ್ಣೂಣು. ಉಂಡ ಮ್ಯಾಲ ನಾ ಒಂದ ಮಾತ ಕೇಳ್ತೇನಿ, ಇಲ್ಲ ಅನ್ನಬ್ಯಾಡ."

ಆ ಮಾತು ಏನೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಅಣ್ಣ ತಲೆಯ ರುಮಾಲು ಸರಿ ಮಾಡಿಕೊಂಡ. ಎಡಗೈಯಲ್ಲಿ ಪರಾತ ಎತ್ತಿಕೊಂಡ. ಅವನ ಮುಖದಲ್ಲಿ ಇದ್ದದ್ದನ್ನು ನಾನು ಮರೆತಿಲ್ಲ. ಮನೆಯ ಕೀಲಿ ಹೊಳ್ಳಿ ಕೈಗೆ ಬಂದವನ ಹಾಗಿದ್ದ. ಚರಗ ಚೆಲ್ಲುವವರು ಕೂಗುವ ಹಾಗೆ "ಹುಲ್ಲುಲ್ಲಿಗೋ" ಎಂದು ಕೂಗಿದ. ಕಣಿವೆಯ ಆ ಕಡೆಯ ಬಂಡೆ ಅದನ್ನು ಹೊಳ್ಳಿ ಕೂಗಿತು. "ಸಲಾಂಬ್ರಿಗೋ" ಎಂದು ನಾವಿಬ್ಬರೂ ದನಿ ಕೂಡಿಸಬೇಕು, ಅಕ್ಕ ಕೂಡಿಸಿದಳು. ಅಣ್ಣನ ಬಲಗೈ ಒಂದು ಮುಟಿಗೆ ಅನ್ನ ಎತ್ತಿ ಹಿಂದಕ್ಕೆ ಹೋಯಿತು.

ಆ ಕೈಯನ್ನು ನಾನು ಹಿಡಿದೆ.

ಹಿಡಿದದ್ದಕ್ಕೆ ಕಾರಣ ಇತ್ತು. ಕ್ಯಾಂಪಿನವನು ಫೋನಿನಲ್ಲಿ ನನಗೆ ಮೊದಲೇ ಹೇಳಿದ್ದ: ಒಂದು ಅಗುಳೂ ನೆಲಕ್ಕೆ ಬೀಳಬಾರದು, ಕಾಡುಹಂದಿ ಬರುತ್ತವೆ, ಹೋದ ವರ್ಷ ಒಂದು ಡೇರೆಯನ್ನು ಮಲಗಿದವರ ಸಮೇತ ಉರುಳಿಸಿದ್ದವು ಎಂದು. ನಾವು ಮೂವರೂ ಐವತ್ತು ದಾಟಿದವರು, ಮಲಗುವುದು ಒಂದು ತೆಳು ಬಟ್ಟೆಯ ಒಳಗೆ. ನನ್ನ ತಲೆಯಲ್ಲಿ ಇದ್ದದ್ದು ಹಂದಿ. ಆದರೆ ಬಾಯಿಗೆ ಬಂದದ್ದು ಬೇರೆ.

"ಅಣ್ಣಾ, ಚೆಲ್ಲಬ್ಯಾಡ. ದಂಡ ಹಾಕ್ತಾರ."

ಅವನು ಕೈ ಕೊಸರಲಿಲ್ಲ. ನನ್ನ ಕೈಯನ್ನೇ ನೋಡಿದ. "ಎಷ್ಟ?"

"ಏನ ಎಷ್ಟ?"

"ದಂಡ ಎಷ್ಟ?"

"ಐದನೂರ."

"ಐದನೂರಕ್ಕ ನನ್ನ ಕೈ ಹಿಡದಿ" ಎಂದ ಅಣ್ಣ. ಮುಟಿಗೆ ಬಿಚ್ಚಿ ಅನ್ನವನ್ನು ಪರಾತಕ್ಕೆ ಬಿಟ್ಟ.

ಇಲ್ಲಿಗೆ ನಿಲ್ಲಿಸಿದ್ದರೆ ಇನ್ನೂ ಏನಾದರೂ ಉಳಿಯುತ್ತಿತ್ತು. ಆದರೆ ಕೆಟ್ಟ ವ್ಯವಹಾರವನ್ನು ಅಲ್ಲಿಯೇ ರೊಕ್ಕ ಹಾಕಿ ಸರಿ ಮಾಡಿಬಿಡುವುದು ನನ್ನ ಇಷ್ಟು ವರ್ಷದ ರೂಢಿ. ಪೇಟೆಯಲ್ಲಿ ಅದರಿಂದಲೇ ಮೇಲೆ ಬಂದವನು ನಾನು. ಸೌದೆ ಹೊತ್ತು ಬರುತ್ತಿದ್ದ ಕ್ಯಾಂಪಿನವನನ್ನು ಕರೆದು, ಜೇಬಿನಿಂದ ಐದುನೂರರ ನೋಟು ತೆಗೆದು ಅವನ ಮುಂದೆ ಹಿಡಿದೆ.

"ಇದನ್ನ ತುಗೋ. ಠೇವಣಿನೂ ನೀನ ಇಟ್ಕೋ. ನಮ್ಮ ಅಣ್ಣ ಚರಗಾ ಚೆಲ್ಲಾಂವ ಅದಾನ, ನೀ ಆ ಕಡೆ ಮಾರಿ ಮಾಡಿ ನಿಂದ್ರು."

ಅವನು ನೋಟು ಮುಟ್ಟಲಿಲ್ಲ. "ಸಾವಕಾರ್ರ, ರೊಕ್ಕದ ಮಾತಲ್ರಿ ಇದು. ಹಂದಿಗೆ ರಶೀದಿ ತೋರ್ಸಾಕ ಬರೂದಿಲ್ರಿ. ಯಜಮಾನ್ರ, ನೀವ ಹೇಳ್ರಿ, ನಾನೂ ರೈತನ ಮಗಾ. ನಮ್ಮ ಹೊಲಾ ಆ ಮ್ಯಾಲೈತಿ. ಮುಂಜಾನೆ ಬರ್ರಿ, ಅಲ್ಲಿ ಚೆಲ್ರಿ, ಯಾರೂ ಬ್ಯಾಡ ಅನ್ನೂದಿಲ್ಲ."

ಒಳ್ಳೆಯ ಮಾತು ಆಡಿದ್ದ ಪಾಪ. ಅಣ್ಣ ಅವನಿಗೆ ಕೈ ಮುಗಿದ. "ನಿನ್ನ ಹೊಲದಾಗ ನೀ ಚೆಲ್ಲೋ ತಮ್ಮಾ. ನಿನ್ನ ಭೂಮಿಗಿ ಕೊಡಾಂವ ನೀನ." ಆಮೇಲೆ ನನ್ನ ಕಡೆ ತಿರುಗಿದ. "ನನ್ನ ಚರಗಾಕ್ಕ ನೀ ಬಾಡಗಿ ಕಟ್ಟತಿ? ನಮ್ಮ ಗಿಡದ ಬುಡಕ ಲಾವಣಿದಾಂವನ ಅಪ್ಪಣಿ ಬೇಕು. ಇಲ್ಲಿ ನಿನ್ನ ನೋಟ ಬೇಕು. ಹಿಸೆ ಆದ ದಿನ ಗಿಡಾ ತುಗೊಂಡಿ. ಇವತ್ತ ಕೈಯಾಗಿಂದೂ ತುಗೊಂಡಿ."

"ಹಂದಿ ಬರ್ತಾವಣ್ಣಾ, ಹಂದಿ ಸಲವಾಗಿ ಹಿಡದೆ" ಎಂದೆ.

"ಹಂಗಾರ ಹಂದಿ ಅನ್ನಬೇಕಿತ್ತು. ದಂಡ ಯಾಕ ಅಂದಿ?"

ನಾನು ನೋಟನ್ನು ಜೇಬಿಗೆ ಹಾಕಿಕೊಂಡೆ. ಅಕ್ಕ ನಡುವೆ ಬಂದಳು. "ಸಾಕ ಬಿಡ್ರೋ. ಇಬ್ರೂ ಉಣ್ರಿ. ನನ್ನ ಮಾರಿ ನೋಡಿ ಉಣ್ರಿ." ಅಣ್ಣ ಒಲೆಯ ಆ ಬದಿ ಹೋಗಿ ಕೂತ. ಅಕ್ಕ ಬಡಿಸಿದ್ದನ್ನು ಉಂಡ, ಹೆಣ್ಣುಮಗಳ ಅಡಿಗೆಗೆ ಅವಮಾನ ಮಾಡುವವನಲ್ಲ ಅವನು. ಬೇರೆ ತಾಟಿನಲ್ಲಿ ಉಂಡ. ತನ್ನ ಡಬ್ಬಿಯ ನೀರು ಕುಡಿದ. ನಾನು ಈ ಬದಿ ಉಂಡೆ. ಅಕ್ಕ ನಡುವೆ ಕೂತು, ಕಡುಬು ಮುರಿದು ಹಿಡಿದುಕೊಂಡು, ಉಣ್ಣಲೇ ಇಲ್ಲ. ಕೇಳಬೇಕೆಂದಿದ್ದ ಮಾತನ್ನೂ ಕೇಳಲಿಲ್ಲ. ಒಂದು ಡೇರೆಯಲ್ಲಿ ಅವಳು ಮಲಗಿದಳು. ಇನ್ನೊಂದರಲ್ಲಿ ನಾವಿಬ್ಬರು, ನಡುವೆ ಕೌದಿಯ ಗಂಟು ಇಟ್ಟುಕೊಂಡು. ಮಳೆ ಬರಲಿಲ್ಲ. ಹಂದಿಯೂ ಬರಲಿಲ್ಲ.

ಬೆಳಗಾಗುತ್ತಲೇ ಬಂದವು ಮುಸುವಗಳು. ಕಪ್ಪು ಮುಖದ, ಮಾರುದ್ದ ಬಾಲದ ಒಂದು ಹಿಂಡು ಮತ್ತಿ ಗಿಡದಿಂದ ಇಳಿದು, ಅಕ್ಕ ಬುಟ್ಟಿಯ ಮೇಲೆ ಮುಚ್ಚಿದ್ದ ತಾಟನ್ನು ಉರುಳಿಸಿ, ಪರಾತದಲ್ಲಿ ಉಳಿದಿದ್ದ ಚರಗವನ್ನು ಎರಡೂ ಕೈಯಲ್ಲಿ ತಿನ್ನುತ್ತ ಕೂತಿದ್ದವು. ಒಂದು ದೊಡ್ಡ ಗಡವ ಶೇಂಗಾ ಹೋಳಿಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿತ್ತು. ಕ್ಯಾಂಪಿನವನು ಕವಣೆ ಬೀಸುತ್ತ ಓಡಿ ಬಂದ. ಡೇರೆಯ ಬಾಯಲ್ಲಿ ಕೂತಿದ್ದ ಅಣ್ಣ ನಕ್ಕ, ದೊಡ್ಡದಾಗಿಯೇ ನಕ್ಕ.

"ಹಾಕೋ, ಇವಕ್ಕ ಹಾಕು ದಂಡಾ" ಎಂದ.

ಆ ನಗುವಿನಲ್ಲಿ ಅಕ್ಕನಿಗೆ ಧೈರ್ಯ ಬಂದಿರಬೇಕು. ಚಹಾದ ಬಟ್ಟಲು ಅವನ ಕೈಗೆ ಕೊಟ್ಟು ಎದುರಿಗೆ ಕೂತಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

"ಅಣ್ಣಾ, ಮಗಳ ಹಿಂದ ನಿಂದರ್ತಿಲ್ಲೋ?"

"ನಿಂದರ್ತೇನಿ" ಎಂದ ಅಣ್ಣ. "ನಿನ್ನ ಮಗಳ ಹಿಂದ ನಾ ನಿಂದರಲಾರದ ಮತ್ತ್ಯಾರ ನಿಂದರಬೇಕು? ಖರೆ, ಅಂವ ನನ್ನ ಬಾಜೂಕ ಇರಬಾರ್ದು. ಅಂವ ನಿಂತ್ರ ನಾ ಮಂದಿ ಹಂಗ ಬರೇ ಊಟಕ್ಕ ಕುಂತ ಎದ್ದ ಬರ್ತೇನಿ. ನೀ ಆರಿಸವ್ವಾ."

ನಾನು ಅಲ್ಲೇ ಹಗ್ಗ ಬಿಚ್ಚುತ್ತಿದ್ದೆ. ಅವನು ಹಾಕಿದ ಗಂಟು ಬಿಗಿದುಕೊಂಡು ಕೂತಿತ್ತು. ಅಕ್ಕ ನನ್ನ ಕಡೆ ನೋಡಿದಳು. ಈ ಪೂರ್ತಿ ಏರ್ಪಾಡು ಮಾಡಿದವನು ನಾನು. ಕಾರು ನನ್ನದು, ಖರ್ಚು ನನ್ನದು. ಮದುವೆಯ ಕಾರ್ಯಾಲಯ ಹುಡುಕಿ, ಮುಂಗಡ ಕೊಟ್ಟು, ಅಡಿಗೆಯವರನ್ನು ಗೊತ್ತು ಮಾಡಿದವನು ನಾನು. ಅವಳ ಮನೆಯ ಹೊಸ್ತಿಲನ್ನು ಒಂದು ದಿನವೂ ಬಿಡದವನು ನಾನು. ಅವಳು ಎದ್ದು ನನ್ನ ಹತ್ತಿರ ಬಂದು, ತೋಳು ಮುಟ್ಟಿ, ಮೆತ್ತಗೆ ಹೇಳಿದಳು.

"ತಮ್ಮಾ, ನೀ ತಿಳದಾಂವ. ನೀ ಹಿಂದ ಸರಿ."

ನೀವು ಯಾವ ಮನೆಯಲ್ಲಾದರೂ ನೋಡಿ, ತಿಳಿದವನು ಎಂದು ಕರೆಸಿಕೊಂಡವನಿಗೆ ಸಿಗುವುದು ಇದೇ. ಸಿಟ್ಟು ಮಾಡುವವನಿಗೆ ಜಾಗ ಬಿಡುತ್ತಾರೆ, ತಿಳಿದವನಿಂದ ಜಾಗ ಬಿಡಿಸುತ್ತಾರೆ. "ಆತು ಬಿಡಕ್ಕಾ" ಎಂದೆ. ಬೇರೆ ಏನು ಅನ್ನಲಿ? ಅಲ್ಲಿ ಚೌಕಾಸಿಗೆ ಜಾಗ ಇರಲಿಲ್ಲ.

ಕ್ಯಾಂಪಿನವನು ಠೇವಣಿಯ ಐದುನೂರು ಹೊಳ್ಳಿ ಕೊಟ್ಟ. ಚೆಲ್ಲಿದ್ದು ಮುಸುವ, ನಾವಲ್ಲ ಎಂದ. ಅಣ್ಣ ಮೇಲಿನ ರಸ್ತೆಯ ತನಕ ನಡೆದುಕೊಂಡು ಹೋದ. ಅಕ್ಕ ನನ್ನ ಕಾರಿನಲ್ಲಿ ಕೂತಳು. ಸಂಕೇಶ್ವರ ಬರುವಷ್ಟರಲ್ಲಿ, "ಒಬ್ಬ ನಿಂತರೂ ನಿಂತಂಗ ಅಲ್ಲೇನೋ" ಎಂದಳು. ನನ್ನನ್ನು ಕೇಳಿದಳೋ, ತನಗೇ ಹೇಳಿಕೊಂಡಳೋ ತಿಳಿಯಲಿಲ್ಲ.

ಮದುವೆ ಆಯಿತು. ಅಕ್ಕಿಕಾಳು ಬೀಳುವ ಹೊತ್ತಿಗೆ ನಾನು ಕಾರ್ಯಾಲಯದ ಹಿಂದೆ ಅಡಿಗೆಯವರ ಒಲೆಯ ಹತ್ತಿರ ಇದ್ದೆ. ಬುಂದಿ ಕಡಿಮೆ ಬಿದ್ದೀತು ಎಂದು ಯಾರೋ ಹೇಳಿದ್ದರು. ಬಿದ್ದಿರಲಿಲ್ಲ, ನಾನು ನೋಡಿಯೇ ತರಿಸಿದ್ದೆ. ಬಾಜಾ ಜೋರಾಯಿತು, ಗೋಡೆಯ ಆ ಕಡೆ ಮಂದಿ ಎದ್ದು ನಿಂತ ಸಪ್ಪಳ ಕೇಳಿತು. ಬೀಗರ ಕಡೆಯ ಒಬ್ಬ ಹೆಂಗಸು ನೀರು ಕೇಳಲು ಹಿಂದೆ ಬಂದವಳು ನನ್ನನ್ನು ಅಡಿಗೆ ಗುತ್ತಿಗೆಯವನೆಂದು ತಿಳಿದು, "ಸಾರ ಖಾರ ಭಾಳ ಆಗೇತ್ರಿ" ಎಂದು ಹೇಳಿ ಹೋದಳು. ಫೋಟೋದಲ್ಲಿ ಹುಡುಗಿಯ ಹಿಂದೆ ಅಣ್ಣ ರುಮಾಲು ಸುತ್ತಿಕೊಂಡು ನೆಟ್ಟಗೆ ನಿಂತಿದ್ದಾನೆ. ಅವನ ಎಡಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇದೆ. ಅಲ್ಲಿ ಯಾರನ್ನಾದರೂ ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅಕ್ಕನಿಗೂ.

ಈಗ ನೀವು. ನಿಮ್ಮಲ್ಲಿಯೂ ಮಾತು ಬಿಟ್ಟ ಮಂದಿ ಇದ್ದು, ಅವರನ್ನು ಕೂಡಿಸಲು ಇಂಥ ಕಡೆ ಕರೆದುಕೊಂಡು ಹೋಗುವ ವಿಚಾರ ಇದ್ದರೆ, ನಾನು ರೊಕ್ಕ ಕೊಟ್ಟು ಕಲಿತದ್ದನ್ನು ಪುಕ್ಕಟೆ ತೆಗೆದುಕೊಳ್ಳಿ. ಜಾಗದ ನಿಯಮಗಳನ್ನು ನೀವೊಬ್ಬರೇ ಕೇಳಿಸಿಕೊಂಡು ಇಟ್ಟುಕೊಳ್ಳಬೇಡಿ. ಹೊರಡುವ ಮುಂಚೆ ಎಲ್ಲರಿಗೂ ಹೇಳಿ, ಅಡಿಗೆ ಮಾಡುವ ಹೆಂಗಸರಿಗೆ ಎಲ್ಲರಿಗಿಂತ ಮೊದಲು ಹೇಳಿ. ನಿಯಮ ಹೇಳುವ ಕೆಲಸ ಆ ಜಾಗದವನಿಗೇ ಬಿಡಿ, ಅವನು ಅಂದರೆ ಯಾರಿಗೂ ನೋವಾಗುವುದಿಲ್ಲ. ಕೇಳಬೇಕಾದ ದೊಡ್ಡ ಮಾತನ್ನು ಊಟದ ನಂತರಕ್ಕೆ ಇಡಬೇಡಿ, ಹಗ್ಗ ಕಟ್ಟುವಾಗಲೇ ಕೇಳಿಬಿಡಿ. ಕೈಗೆ ಕೆಲಸ ಇದ್ದಾಗ ಮನುಷ್ಯ ಬೇಗ ಹೂಂ ಅನ್ನುತ್ತಾನೆ. ಅವರ ಎದುರಿಗೆ ದರ ಮಾತಾಡಬೇಡಿ, ನೋಟು ತೆಗೆಯಬೇಡಿ. ದಂಡ ಬೀಳುವುದಿದ್ದರೆ ಬೀಳಲಿ, ಆಮೇಲೆ ಯಾರಿಗೂ ಕಾಣದಂತೆ ಕಟ್ಟಿ. ಹಂದಿಯ ಭಯ ಇದ್ದರೆ ಹಂದಿ ಎಂದೇ ಹೇಳಿ. ಡೇರೆಯನ್ನು ಸಮನೆಲದಲ್ಲಿ ಹಾಕಿಸಿ, ಉಳಿದ ಅಡಿಗೆಯನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟು ಕೀಲಿ ಹಾಕಿ, ದಪ್ಪ ಕೌದಿ ಒಯ್ಯಿರಿ. ಮಳೆ ಮುಗಿದ ತಿಂಗಳಲ್ಲಿ ಕಣಿವೆಯ ಇಬ್ಬನಿ ಬಟ್ಟೆ ದಾಟಿ ಒಳಗೆ ಇಳಿಯುತ್ತದೆ. ಮತ್ತೆ ಇಬ್ಬರ ನಡುವೆ ಒಬ್ಬರನ್ನು ಆರಿಸುವ ಪಾಳಿ ಬಂದರೆ, ತಿಳಿದವನು ಎಂದು ಮೊದಲು ನಿಮ್ಮ ಹೆಸರನ್ನೇ ಹೇಳುತ್ತಾರೆ. ಅದಕ್ಕೆ ಹೂಂ ಅನ್ನುವ ಮುಂಚೆ ಒಂದು ದಿನದ ವಾಯಿದೆ ಕೇಳಿಕೊಳ್ಳಿ. ನಾನು ಕೇಳಲಿಲ್ಲ.